ಹತ್ತನೆಯ ಮಳೆಗಾಲದ ಲೆಕ್ಕ

ಮಾರುತಿ ಕಂಪನಿಯ ಕಥೆ ಹೇಳುವವರೆಲ್ಲ 1983ರ ಡಿಸೆಂಬರ್ 14ರಿಂದ ಶುರುಮಾಡುತ್ತಾರೆ. ಅಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಹರಪಾಲ್ ಸಿಂಗ್ ಅವರ ಕೈಗಿತ್ತರು. ಸರ್ಕಾರದ ಕಂಪನಿ, ಜಪಾನಿನ ಸುಜುಕಿಯ ತಂತ್ರಜ್ಞಾನ, ಸುಮಾರು 50 ಸಾವಿರ ರೂಪಾಯಿ ಬೆಲೆ. ಯಲ್ಲಾಪುರ ತಾಲೂಕಿನ ಮಾಗೋಡಿನ ಕಡೆ ನಿಂತು ನೋಡುವ ನನಗೆ ಮಾತ್ರ 1984ರಲ್ಲಿ ಬಂದ ವ್ಯಾನೇ ದೊಡ್ಡದು. ಮುಂದೆ ಅದೇ ಓಮ್ನಿ ಎನಿಸಿಕೊಂಡಿತು.

ಎರಡಕ್ಕೂ ಇದ್ದದ್ದು ಅದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. 800ರಲ್ಲಿ ಅದು ಮುಂದಿನ ಚಕ್ರ ತಿರುಗಿಸಿದರೆ, ಓಮ್ನಿಯಲ್ಲಿ ಮುಂದಿನ ಸೀಟಿನ ಅಡಿ ಕೂತು ಹಿಂದಿನ ಚಕ್ರ ತಿರುಗಿಸುತ್ತಿತ್ತು. ಪೇಟೆಯ ಡಾಂಬರಿನ ಮೇಲೆ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಇದೆ. ಅಡಿಕೆ ತೋಟದ ಮನೆಗಳಿರುವುದು ಮಣ್ಣುದಾರಿಯ ತುದಿಗೆ. ಜನರನ್ನೋ ಚೀಲಗಳನ್ನೋ ಹೇರಿಕೊಂಡು ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ಒದ್ದೆ ಮಣ್ಣಿನಲ್ಲಿ 800ರ ಮುಂದಿನ ಚಕ್ರ ಬರಿದೇ ತಿರುಗುತ್ತದೆ, ಓಮ್ನಿಯ ಹಿಂದಿನ ಚಕ್ರ ನೆಲ ಕಚ್ಚುತ್ತದೆ. (ಖಾಲಿ ಓಮ್ನಿ ಮಳೆಯಲ್ಲಿ ಹಿಂಬದಿ ಜಾರುವುದೂ ಅಷ್ಟೇ ನಿಜ.) ಸೀಟು ತೆಗೆದರೆ ಚಾಲಿ ಅಡಿಕೆ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವಾದ ಟಿಎಸ್‌ಎಸ್‌ಗೆ ಹೊರಟಿತು. ಸೀಟು ಹಾಕಿದರೆ ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ಗರ್ಭಿಣಿ. ಇಷ್ಟು ಬಗೆಯ ಕೆಲಸಕ್ಕೆ ಒದಗಿದ ಇನ್ನೊಂದು ಗಾಡಿ ಮಲೆನಾಡಿಗೆ ಬರಲಿಲ್ಲ.

ಅಗ್ಗದ ಕಾರಿನ ಕನಸು ಬೆಂಗಳೂರಿಗೂ ಇತ್ತು. ಎಪ್ಪತ್ತರ ದಶಕದಲ್ಲೇ ಅಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ತಯಾರಾಗಿತ್ತು. ಅದರ ಮುಂದುವರಿಕೆಯಾಗಿ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಮೈ, ಹಗುರ ತೂಕ, 848 ಸಿಸಿ ಎಂಜಿನ್. ಕಾರ್ ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು, ಮನೆಮನೆಗೆ ಬರಲಿಲ್ಲ. ಎರಡೇ ಬಾಗಿಲು, ಅಜ್ಜಿಯನ್ನು ಹಿಂದೆ ಕೂರಿಸುವುದು ಹೇಗೆ? ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಮಾರುತಿಗೆ ಸರ್ಕಾರದ ಬೆಂಬಲವಿತ್ತು, ಸಿಪಾನಿಗೆ ಅದಿರಲಿಲ್ಲ ಎಂಬುದನ್ನು ಮರೆತು ತೂಗುವುದು ಅನ್ಯಾಯ.

ಆದರೂ ಕಾರಿನ ಬೆಲೆಯನ್ನು ಕೊಂಡ ದಿನದ ರಸೀದಿಯಲ್ಲಿ ನೋಡಿದರೆ ಸಾಲದು, ಹತ್ತನೆಯ ಮಳೆಗಾಲದಲ್ಲಿ ಲೆಕ್ಕ ಹಾಕಬೇಕು. ಕ್ಲಚ್ ಪ್ಲೇಟ್ ಸವೆದಾಗ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗಬೇಕು, ಅದನ್ನು ಕೂರಿಸಬಲ್ಲ ಕೈ ಗ್ಯಾರೇಜಿನಲ್ಲಿರಬೇಕು. ಮಾರುತಿ ನಿಜವಾಗಿ ಗೆದ್ದದ್ದು ಇಲ್ಲಿ. ಬಿಡಿಭಾಗಗಳನ್ನು ದೇಶದಲ್ಲೇ ಮಾಡಿಸಿತು, ಒಂದೇ ಎಂಜಿನ್ನನ್ನು ಹಲವು ಗಾಡಿಗಳಿಗೆ ಹಾಕಿತು. ಹಾಗಾಗಿ 800ರ ಮೇಲೆ ಕೈಪಳಗಿದ ಮೆಕ್ಯಾನಿಕ್‌ಗೆ ಓಮ್ನಿಯ ಎಂಜಿನ್ ಹೊಸದೆನಿಸಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಧೈರ್ಯ ಸಣ್ಣ ಹಿಡುವಳಿದಾರನಿಗೆ ಬಂದದ್ದು ಇದರಿಂದ.

ಇಷ್ಟು ಮೆಚ್ಚಿದವನಾಗಿಯೇ ಕಂಪನಿಯ ದೊಡ್ಡ ತಪ್ಪನ್ನೂ ಹೇಳಬೇಕು. ಓಮ್ನಿಯ ಚಾಲಕನ ಮೊಣಕಾಲಿನ ಮುಂದೆ ಇದ್ದದ್ದು ತಗಡು ಮತ್ತು ಗಾಜು. ಅರಬೈಲ್ ಘಟ್ಟದಲ್ಲಿ ಅದಿರಿನ ಲಾರಿಗಳು ಎದುರಾಗುತ್ತಿದ್ದ ವರ್ಷಗಳಲ್ಲೂ ಅದು ಹಾಗೆಯೇ ಓಡಿತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ, ಇದೇ ಕಂಪನಿಯ ಆಲ್ಟೊ 800 ಕಾರಿಗೆ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್ ಬಂತು. ಸುರಕ್ಷತೆ ಬೇಕೆಂದರೆ ಹೆಚ್ಚು ಹಣ ಕೊಡಿ ಎಂಬ ನೀತಿ ದಶಕಗಳ ಕಾಲ ನಡೆಯಿತು. ಕಡಿಮೆ ಬೆಲೆಗೆ ಕೊಳ್ಳುವವನ ಜೀವ ಕಡಿಮೆ ಬೆಲೆಯದ್ದೇ? ಕೊನೆಗೂ ಹೊಸ ಸುರಕ್ಷತಾ ನಿಯಮಗಳು ಬಂದಾಗ, ಓಮ್ನಿಯನ್ನು ಅದಕ್ಕೆ ಹೊಂದಿಸಲಾಗದೆ 2019ರಲ್ಲಿ ನಿಲ್ಲಿಸಿದರು. 2025ರಲ್ಲಿ ಆಲ್ಟೊ ಕೆ10 ಕಾರು ಮತ್ತು ಈಕೊ ವ್ಯಾನಿನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದವು. ಮಾಡಲು ಸಾಧ್ಯವಿದ್ದ ಕೆಲಸ ಅದು. ಮೊದಲ ಕಾರು ಬಂದು ನಾಲ್ಕು ದಶಕ ಕಳೆದ ಮೇಲೆ ಆಯಿತು.