ಸದುದ್ದೇಶವೂ ಉಸಿರಿನ ಲೆಕ್ಕವೂ

ಉದ್ದೇಶವು ಶುದ್ಧವಾಗಿದ್ದ ಮಾತ್ರಕ್ಕೆ ಕಾರ್ಯವು ನಿರ್ದೋಷವಾಗುವುದಿಲ್ಲ. ವಿವೇಕವೂ ಅದರ ಜೊತೆಗಿರಬೇಕು. ಭೂಮಿಯ ತಾಪವನ್ನು ತಗ್ಗಿಸಲು ಸರಕಾರಗಳು ರೂಪಿಸುವ ನೀತಿಗಳಿಗೂ ಈ ಮಾತು ಅನ್ವಯಿಸುತ್ತದೆ. ಬ್ರಿಟನ್ನಿನ ಡೀಸೆಲ್ ಕಾರುಗಳ ಪ್ರಕರಣವು ಇದಕ್ಕೆ ತಕ್ಕ ನಿದರ್ಶನ.

2001ರಲ್ಲಿ ಅಲ್ಲಿನ ಸರಕಾರವು ಹೊಸ ಕಾರುಗಳ ವಾರ್ಷಿಕ ತೆರಿಗೆಯನ್ನು ಅವು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಪ್ರಮಾಣಕ್ಕೆ ಅನುಗುಣವಾಗಿ ನಿಗದಿಪಡಿಸಿತು. ಅಷ್ಟೇ ದೂರಕ್ಕೆ ಡೀಸೆಲ್ ಎಂಜಿನ್ ಕಡಿಮೆ ಇಂಧನವನ್ನು ಉರಿಸುವುದರಿಂದ ಡೀಸೆಲ್ ಕಾರುಗಳಿಗೆ ಇದು ಅನುಕೂಲವಾಯಿತು. 2000ದಲ್ಲಿ ಹೊಸ ಕಾರುಗಳ ಪೈಕಿ ಏಳರಲ್ಲಿ ಒಂದರಷ್ಟಿದ್ದ ಡೀಸೆಲ್ ಪಾಲು 2012ರ ವೇಳೆಗೆ ಅರ್ಧವನ್ನು ಮುಟ್ಟಿತು.

ಆದರೆ ಡೀಸೆಲ್ ಹೊಗೆಯಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ನೈಟ್ರೋಜನ್ ಆಕ್ಸೈಡುಗಳೂ ಸೂಕ್ಷ್ಮ ಕಣಗಳೂ ಇರುತ್ತವೆ. ಪರೀಕ್ಷಾಲಯದಲ್ಲಿ ಮಿತಿಯೊಳಗಿದ್ದ ಕಾರುಗಳು ರಸ್ತೆಯಲ್ಲಿ ಮಿತಿಯನ್ನು ಬಹುವಾಗಿ ಮೀರುತ್ತಿದ್ದವು. 2015ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವು ಸುಮಾರು 1.1 ಕೋಟಿ ವಾಹನಗಳಲ್ಲಿದೆಯೆಂದು ಒಪ್ಪಿಕೊಂಡಿತು. ವಂಚನೆಯ ಹೊಣೆ ತಯಾರಕರದು. ಒಂದೇ ಅನಿಲವನ್ನು ಅಳೆದು ಇನ್ನೊಂದನ್ನು ಕಡೆಗಣಿಸಿದ ಹೊಣೆ ನೀತಿಕಾರರದು.

ಆಗ್ನೇಯ ಲಂಡನ್ನಿನ ದಟ್ಟಣೆಯ ರಸ್ತೆಯ ಬಳಿ ವಾಸವಾಗಿದ್ದ ಒಂಬತ್ತು ವರ್ಷದ ಬಾಲಕಿಯೊಬ್ಬಳು 2013ರಲ್ಲಿ ತೀವ್ರ ಅಸ್ತಮಾದಿಂದ ತೀರಿಕೊಂಡಳು. ಅವಳ ಸಾವಿನಲ್ಲಿ ವಾಯುಮಾಲಿನ್ಯದ ಪಾತ್ರವಿತ್ತೆಂದೂ ಆ ಮಾಲಿನ್ಯದ ಮುಖ್ಯ ಮೂಲ ವಾಹನಗಳ ಹೊಗೆಯೆಂದೂ 2020ರ ಡಿಸೆಂಬರಿನಲ್ಲಿ ವಿಚಾರಣಾಧಿಕಾರಿಯು ದಾಖಲಿಸಿದರು. ಆ ಸಾವನ್ನು ಒಂದು ತೆರಿಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ದೂರದ ಹಿತಕ್ಕಾಗಿ ಹತ್ತಿರದ ಉಸಿರನ್ನು ಮರೆಯುವುದರ ಅಪಾಯವನ್ನು ಅದು ನೆನಪಿಸುತ್ತದೆ.

ಮುಂದೆ 2019ರಲ್ಲಿ ಲಂಡನ್ನಿನ ಕೇಂದ್ರಭಾಗದಲ್ಲಿಯೂ 2023ರಲ್ಲಿ ಇಡೀ ನಗರದಲ್ಲಿಯೂ ಹಳೆಯ ಡೀಸೆಲ್ ವಾಹನಗಳಿಗೆ ದಿನಕ್ಕೆ ಹನ್ನೆರಡೂವರೆ ಪೌಂಡುಗಳ ಶುಲ್ಕ ಬಿತ್ತು. ಕ್ರಮವು ಅಗತ್ಯವಾಗಿತ್ತು. ಆದರೆ ಸರಕಾರದ ಮಾತನ್ನು ನಂಬಿ ಡೀಸೆಲ್ ಕೊಂಡವನೇ ಅದರ ದಂಡವನ್ನೂ ತೆರಬೇಕಾಯಿತು.

ಹಾಗೆಂದು ತಾಪ ತಗ್ಗಿಸುವ ನೀತಿಗಳೇ ಬೇಡವೆನ್ನುವುದು ಮತ್ತೊಂದು ಏಕಾಂತ ದೃಷ್ಟಿಯಾದೀತು. ಇಲ್ಲಿಯ ದೋಷವಿದ್ದುದು ಗುರಿಯಲ್ಲಲ್ಲ, ಉರಿಸುವುದನ್ನು ತಗ್ಗಿಸದೆ ಉರಿಸುವ ವಸ್ತುವನ್ನಷ್ಟೇ ಬದಲಿಸಿದ್ದರಲ್ಲಿ. ನಡಿಗೆ, ಸೈಕಲ್, ರೈಲು, ವಿದ್ಯುತ್ ಬಸ್ಸುಗಳನ್ನು ಬೆಳೆಸುವ ನೀತಿಯು ನಾಳೆಯ ತಾಪವನ್ನೂ ಇಂದಿನ ಹೊಗೆಯನ್ನೂ ಒಟ್ಟಿಗೆ ಇಳಿಸುತ್ತದೆ. ಆದಕಾರಣ ಯಾವ ನೀತಿಯನ್ನೇ ಆಗಲಿ ಒಪ್ಪುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದರಿಂದ ಯಾರು ಉಳಿಯುತ್ತಾರೆ? ಇದರ ಹೊಗೆಯನ್ನು ಯಾರು ಉಸಿರಾಡುತ್ತಾರೆ?