ಡಬ್ಬಿ ಮೇಲಿನ ಮಾತು, ಮಣೆ ಮೇಲಿನ ಆಟ

ಆಟಿಕೆ ಅಂಗಡಿಯಲ್ಲಿ ಬೋರ್ಡ್ ಗೇಮ್ ಡಬ್ಬಿಗಳನ್ನ ತಿರುಗಿಸಿ ಹಿಂಭಾಗ ಓದಿ ನೋಡಿ. ಬುದ್ಧಿ ಚುರುಕಾಗುತ್ತೆ, ಲೆಕ್ಕ ಬರುತ್ತೆ, ನಿರ್ಧಾರ ತಗೊಳ್ಳೋ ಶಕ್ತಿ ಬೆಳೆಯುತ್ತೆ ಅಂತೆಲ್ಲ ಇರುತ್ತೆ. ಅದೇ ಸಾಲಿನಲ್ಲಿ ಹಾವು ಏಣಿಯೂ ಕೂತಿರುತ್ತೆ. ಹಾವು ಏಣಿಯಲ್ಲಿ ಮಗು ತಗೊಳ್ಳೋ ನಿರ್ಧಾರ ಯಾವುದು ಸ್ವಾಮಿ? ದಾಳ ಬಿದ್ದಷ್ಟು ಮನೆ ನಡೀಬೇಕು, ಏಣಿ ಸಿಕ್ಕರೆ ಹತ್ತಬೇಕು, ಹಾವು ಸಿಕ್ಕರೆ ಇಳೀಬೇಕು, ಅಷ್ಟೆ. ಇದಕ್ಕೊಂದು ಪ್ರೋಗ್ರಾಂ ಬರೆದರೆ ಆಟಗಾರ ಯೋಚಿಸೋಕೆ ಅಂತ ಒಂದು ಸಾಲು ಕೋಡ್ ಕೂಡ ಬೇಕಾಗಲ್ಲ.

ಹಾಗಂತ ಹಾವು ಏಣಿ ದಂಡ ಅಂತಲ್ಲ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಬಡ ಮನೆಗಳ ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 1ರಿಂದ 10ರವರೆಗೆ ಒಂದೇ ಸಾಲಲ್ಲಿ ಮನೆಗಳಿರೋ ಸರಳ ಆಟ. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಕಾಲು ಗಂಟೆ ಚಿಲ್ಲರೆ. ಅಷ್ಟಕ್ಕೇ ಮಕ್ಕಳಿಗೆ ಯಾವ ಅಂಕಿ ದೊಡ್ಡದು, ಎಷ್ಟು ದೊಡ್ಡದು ಅನ್ನೋ ಅಂದಾಜು ಸುಧಾರಿಸಿತ್ತು. ಅದೇ ಆಟವನ್ನ ಅಂಕಿಯ ಬದಲು ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ.

ಆಮೇಲಿನದು ಇನ್ನೂ ಸ್ವಾರಸ್ಯ. ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ನೂರು ಮನೆಯ ಆಟದ ಮೇಲೆ ಇದೇ ಥರ ಬರೆದರು. ಕಾಯಿ 46ರಲ್ಲಿದೆ, ಎರಡು ಬಿತ್ತು ಅಂದ್ಕೊಳ್ಳಿ. ಕೆಲವು ಮಕ್ಕಳಿಗೆ ‘ಒಂದು, ಎರಡು’ ಅಂತ ಎಣಿಸೋಕೆ ಹೇಳಿದರು. ಇನ್ನು ಕೆಲವರಿಗೆ ‘ನಲವತ್ತೇಳು, ನಲವತ್ತೆಂಟು’ ಅಂತ ಮನೆಯ ಅಂಕಿ ಹೇಳ್ತಾ ನಡೆಸೋಕೆ ಹೇಳಿದರು. ಅಂಕಿಗಳ ಅಂದಾಜು ಬೆಳೆದದ್ದು ಎರಡನೇ ಗುಂಪಿಗೆ. ಡಬ್ಬಿ ಒಂದೇ, ದುಡ್ಡೂ ಒಂದೇ. ಕಲಿಕೆ ಇದ್ದದ್ದು ಬಾಯಲ್ಲಿ ಏನು ಹೇಳ್ತಾ ಆಡಿದರು ಅನ್ನೋದರಲ್ಲಿ. ಇದನ್ನ ಯಾವ ಡಬ್ಬಿಯ ಹಿಂದೆಯೂ ಬರೆದದ್ದು ನಾನು ನೋಡಿಲ್ಲ. ನಮ್ಮ ಮನೆಗಳಲ್ಲಂತೂ ಎಲ್ಲರೂ ‘ಒಂದು, ಎರಡು’ ಅಂತಲೇ ಟಕಟಕ ಕುಟ್ಕೊಂಡು ಹೋಗ್ತೀವಿ.

ದುಡ್ಡಿನ ವ್ಯವಹಾರ ಕಲಿಸುತ್ತೆ ಅಂತ ಮಾರೋ ಮೊನಾಪಲಿ ಕತೆಯೂ ಹೀಗೇ. ಅದರ ಮೂಲ ಆಟಕ್ಕೆ ಲಿಜಿ ಮ್ಯಾಗಿ ಅನ್ನೋ ಹೆಣ್ಣುಮಗಳು 1904ರಲ್ಲಿ ಪೇಟೆಂಟ್ ಪಡೆದಿದ್ದಳು. ಜಮೀನಿನ ಒಡೆಯರು ಬಾಡಿಗೆ ತಿಂದು ಬೆಳೆದರೆ ಉಳಿದವರ ಗತಿ ಏನಾಗುತ್ತೆ ಅಂತ ತೋರಿಸೋದು ಅವಳ ಉದ್ದೇಶ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಕೈಗೆ ಬಂದು ಮನೆಮನೆ ಸೇರಿದಾಗ, ಉಳಿದವರನ್ನ ದಿವಾಳಿ ಮಾಡಿದವನೇ ಶಾಣ್ಯಾ ಅಂತಾಯ್ತು.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಶಾಲೆಗಳು ಈಗ ‘ಕಲಿಕಾ ಆಟ’ ಅಂತ ಡಬ್ಬಿ ಕೊಳ್ಳೋಕೆ ಶುರುಮಾಡಿವೆ. ಸಾವಿರಾರು ರೂಪಾಯಿ ಕೊಟ್ಟು ತಂದ ಮೇಲೆ ಅದು ಸೇರೋದು ಬೀರುವಿಗೆ. ದಾಳ ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡೋರು ಯಾರು ಅನ್ನೋದು ಮೇಷ್ಟ್ರ ಚಿಂತೆ, ಅದೂ ಸುಳ್ಳಲ್ಲ. ಡಬ್ಬಿ ಕೊಳ್ಳೋಕಾಗದ ಶಾಲೆಗೆ ಇನ್ನೊಂದು ಥರದ ಅನ್ಯಾಯ: ನಮ್ಮ ಮಕ್ಕಳಿಗೆ ಇಂಥದ್ದೆಲ್ಲ ಇಲ್ಲವಲ್ಲ ಅನ್ನೋ ಕೀಳರಿಮೆ ಬಿಟ್ಟಿಯಾಗಿ ಸಿಗುತ್ತೆ.

ಇಲ್ಲಿ ಚೌಕಾಬಾರದ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಹಳೇದೆಲ್ಲ ಶ್ರೇಷ್ಠ ಅನ್ನೋ ಭಜನೆ ನನಗೆ ಆಗಿಬರಲ್ಲ, ಇದು ಬರೀ ಲೆಕ್ಕದ ಮಾತು. ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಗೀಚಿದರೆ ಮಣೆ ತಯಾರು. ಬಳೆಚೂರು, ಕಲ್ಲು, ಕಡ್ಡಿ ಯಾವುದಾದರೂ ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನ ಎರಡು ಹೋಳು ಮಾಡಿ, ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ಅಂಥ ನಾಲ್ಕು ಹೋಳು ಎಸೆದರೆ ಹದಿನಾರು ಥರ ಬೀಳಬಹುದು. ಎರಡೂ ಕಡೆ ಸಮವಾಗಿ ಬೀಳುತ್ತೆ ಅಂತ ಇಟ್ಕೊಂಡರೆ ಹದಿನಾರರಲ್ಲಿ ಎರಡು ಬೀಳೋದು ಆರು ಸಲ, ಒಂದು ಮತ್ತು ಮೂರು ನಾಲ್ಕು ನಾಲ್ಕು ಸಲ, ಚೌಕ ಒಂದು ಸಲ, ಎಂಟು ಒಂದು ಸಲ. ದಾಳದಲ್ಲಿ ಆರೂ ಮುಖ ಒಂದೇ ಸಮ. ಇಲ್ಲಿ ಹಾಗಿಲ್ಲ. ಅದಕ್ಕೇ ಎದುರಾಳಿ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಹೊಡೆಸಿಕೊಳ್ಳೋ ಅಪಾಯ ಜಾಸ್ತಿ, ಮೂರು ಮನೆ ಮುಂದಿದ್ದರೆ ಸ್ವಲ್ಪ ಕಮ್ಮಿ. ನಾಲ್ಕು ಕಾಯಲ್ಲಿ ಯಾವುದನ್ನ ನಡೆಸೋದು, ಕಟ್ಟೆಯಲ್ಲಿ ಕೂತು ಕಾಯೋದಾ, ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಬಿಡಲ್ಲ ಅಂತ ಮುನ್ನುಗ್ಗೋದಾ, ಪ್ರತಿ ಎಸೆತಕ್ಕೂ ಯೋಚಿಸಬೇಕು. ಕಾಯಿ ಹಣ್ಣಾಗೋದು ಪುಕ್ಕಟೆ ಅಲ್ಲ.

ಆದರೆ ಚೌಕಾಬಾರ ಆಡಿದ ಮಕ್ಕಳಿಗೆಲ್ಲ ಸಂಭವನೀಯತೆ ಬರುತ್ತೆ ಅಂತ ನಾನೂ ಡಬ್ಬಿ ಮಾತು ಆಡಲ್ಲ. ಆಡ್ತಾ ಆಡ್ತಾ ಎರಡು ಜಾಸ್ತಿ ಬೀಳುತ್ತೆ ಅಂತ ಕೈಗೆ ಗೊತ್ತಾಗಿರುತ್ತೆ, ತಲೆಗೆ ಗೊತ್ತಾಗಿರಲ್ಲ. ಏಳನೇ ಕ್ಲಾಸಿನ ಮೇಷ್ಟ್ರು ‘ನೂರು ಸಲ ಎಸೆದು ಗೀಟು ಹಾಕ್ರೋ’ ಅಂದರೆ ಅದು ಪಾಠ ಆಗುತ್ತೆ. ಹುಣಸೆ ಹೋಳು ಲೆಕ್ಕದ ಪ್ರಕಾರ ಬೀಳಲ್ಲ, ಒಂದು ಮಗ್ಗುಲಿಗೆ ವಾಲುತ್ತೆ. ಯಾಕೆ ವಾಲ್ತು ಅಂತ ಕೇಳಿದರೆ ಇನ್ನೊಂದು ಪಾಠ. ಮೇಷ್ಟ್ರು ಅಷ್ಟು ಹೇಳಿ ಸುಮ್ಮನಿರಬೇಕು ಅನ್ನೋದೇ ಕಷ್ಟದ ಕೆಲಸ. ಪ್ರತಿ ಎಸೆತಕ್ಕೂ ‘ಇದರಿಂದ ಏನು ಕಲಿತೆ?’ ಅಂತ ಕೇಳಿದರೆ ಮಕ್ಕಳು ಆಟ ಬಿಟ್ಟು ಉತ್ತರ ಊಹಿಸೋಕೆ ಶುರುಮಾಡ್ತಾರೆ.

ಬೇರೆ ಬೇರೆ ಊರಿನ ಇಬ್ಬರು ಮಕ್ಕಳನ್ನ ಒಂದೇ ಚೌಕಾಬಾರಕ್ಕೆ ಕೂರಿಸಿ ನೋಡಿ. ಮೊದಲ ಹತ್ತು ನಿಮಿಷ ಒಂದು ಕಾಯೂ ನಡೆಯಲ್ಲ. ಎಂಟು ಬಿದ್ದರೆ ಇನ್ನೊಂದು ಎಸೆತ ಇದೆಯಾ, ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಹೊಡೀಬಹುದಾ, ಕಾಯಿ ಹೊಡೆದವನಿಗೆ ಮತ್ತೆ ಆಟ ಉಂಟಾ? ‘ನಮ್ಮೂರಲ್ಲಿ ಹಂಗಿಲ್ಲ’, ‘ನಮ್ಮೂರಲ್ಲಿ ಹಿಂಗೇ’ ಅಂತ ಜಗಳ ಆಡಿ, ಕೊನೆಗೆ ಒಬ್ಬ ಒಂದು ಬಿಟ್ಟುಕೊಟ್ಟು, ಇನ್ನೊಬ್ಬ ಇನ್ನೊಂದು ಬಿಟ್ಟುಕೊಟ್ಟು, ನಿಯಮ ಗೊತ್ತುಮಾಡ್ಕೊಂಡು ಹೋಳು ಕೈಗೆ ತಗೋತಾರೆ. ಡಬ್ಬಿ ಆಟದಲ್ಲಿ ಈ ಹತ್ತು ನಿಮಿಷ ಇರಲ್ಲ, ನಿಯಮದ ಚೀಟಿ ಒಳಗೇ ಇರುತ್ತೆ.