ತೊಳೆಸಿದ ಚಿತ್ರ: ರೀಲು ಕ್ಯಾಮೆರಾದ ಆಕರ್ಷಣೆ ಮತ್ತು ನೀಲಗಿರಿಯ ಒಂದು ರೋಲು

(ಗಡಿಯಾಚೆಯ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಳ್ಳಲಾಗಿದೆ.)

 

ಗಡಿನಾಡು ಅಂದ ಕೂಡಲೇ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಆಡಳಿತ ಭಾಷೆ ಇವುಗಳ ಬಗ್ಗೆ ಮಾತಾಡ್ತೀವಿ. ನಾನು ಆರಿಸಿಕೊಂಡಿರೋದು ಫೋಟೋ ಫಿಲ್ಮು. ವಿಷಯ ದಾರಿ ತಪ್ಪಿತು ಅಂತ ಅನ್ನಿಸಬಹುದು, ಆದರೆ ತಪ್ಪಿಲ್ಲ. ನಾನು ನೀಲಗಿರಿಯ ಒಂದು ಬಡಗ ಹಟ್ಟಿಯವಳು. ನಮ್ಮ ಬೆಟ್ಟದಲ್ಲಿ ಚಹಾ ಬೆಳೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಫಿಲ್ಮು ತಯಾರಾಗ್ತಿತ್ತು ಅನ್ನೋದು ನನ್ನ ತರಗತಿಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರ ಕೈಯಲ್ಲೂ ಫೋನಿರುವಾಗ ನಮ್ಮ ವಯಸ್ಸಿನವರು ಮತ್ತೆ ರೀಲು ಕ್ಯಾಮೆರಾ ಹುಡುಕುತ್ತಿರುವುದು ಯಾಕೆ ಎಂಬ ಪ್ರಶ್ನೆಯನ್ನು ಆ ಬೆಟ್ಟದ ಕಡೆಯಿಂದ ಕೇಳೋಣ ಅಂತ.

1. ಮುಗಿಯಿತು ಅಂದದ್ದು ಮುಗಿಯಲಿಲ್ಲ

ಮೊದಲು ಒಂದಿಷ್ಟು ಸಂಗತಿ. ಕೊಡ್ಯಾಕ್ ಕಂಪನಿ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿತ್ತು. ಅದು 2010ರ ಡಿಸೆಂಬರ್ ಕೊನೆಗೆ ಹೊಸ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. 2012ರ ಜನವರಿಯಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿತು. ವಿಚಿತ್ರ ಅಂದ್ರೆ, 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು ಮಾಡಿದ್ದು ಅದೇ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್.

ಕತೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನಿಂತುಹೋಗಿದ್ದ ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. 2024ರಲ್ಲಿ ಪೆಂಟಾಕ್ಸ್ ಒಂದು ಹೊಚ್ಚಹೊಸ ಫಿಲ್ಮ್ ಕ್ಯಾಮೆರಾ ತಂದಿತು. 36 ಚಿತ್ರದ ರೋಲಿನಲ್ಲಿ ಅದು 72 ಚಿತ್ರ ತೆಗೆಯುತ್ತೆ, ಅದೂ ಫೋನಿನ ಹಾಗೆ ಉದ್ದುದ್ದವಾಗಿ. ಇವತ್ತು ಬೆಂಗಳೂರಿನಲ್ಲಿ ಒಂದು ಕಲರ್ ರೋಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸೋ ಹೊತ್ತಿಗೆ ಸಾವಿರ ರೂಪಾಯಿ ದಾಟುತ್ತೆ. ಆದರೂ ನನ್ನ ಹಾಸ್ಟೆಲಿನಲ್ಲೇ ಇಬ್ಬರು ಅದನ್ನು ಮಾಡ್ತಾರೆ.

2. ಮೂರು ಸಮರ್ಥನೆಗಳು

ಅವರನ್ನು ಕೇಳಿದರೆ, ಅಥವಾ ಈ ಕುರಿತ ಬರಹಗಳನ್ನು ಓದಿದರೆ, ಮೂರು ಸಮರ್ಥನೆಗಳು ಸಿಗುತ್ತವೆ. ಮೂರರಲ್ಲೂ ಸ್ವಲ್ಪ ನಿಜ ಇದೆ. ಮೂರೂ ಸಾಲುವುದಿಲ್ಲ ಅನ್ನೋದು ನನ್ನ ವಾದ.

ಮೊದಲನೆಯದು ನಿಧಾನ. ರೋಲಿನಲ್ಲಿ 36 ಚಿತ್ರ ಮಾತ್ರ ಇರೋದರಿಂದ ಯೋಚಿಸಿ ತೆಗೀತೀವಿ, ಗಮನ ಕೊಡ್ತೀವಿ ಅಂತಾರೆ. ಆದರೆ ಗಮನ ಫಿಲ್ಮಿನ ಒಳಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಚಿತ್ರಕ್ಕಾಗಿ ಕಾದದ್ದು ಹಕ್ಕಿಗೋಸ್ಕರ, ಫಿಲ್ಮಿಗೋಸ್ಕರ ಅಲ್ಲ. ಇನ್ನೊಂದು ಮಾತು: ‘ಮಿತಿ ಚೆಂದ’ ಅನ್ನೋದು ಮಿತಿಯನ್ನು ಆರಿಸಿಕೊಂಡವರ ಮಾತು. ನಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲಿ ಅಜ್ಜಿ ಅಡುಗೆ ಮಾಡ್ತಿರೋ ಒಂದು ಚಿತ್ರವೂ ಇಲ್ಲ, ತೋಟದಲ್ಲಿ ಎಲೆ ಕೀಳ್ತಿರೋ ಒಂದು ಚಿತ್ರವೂ ಇಲ್ಲ. ಹನ್ನೆರಡೇ ಚಿತ್ರ ಇದ್ದಾಗ ಯಾರೂ ಒಂದನ್ನು ಒಲೆಯ ಮುಂದೆ ಖರ್ಚು ಮಾಡಲಿಲ್ಲ. ಮಿತಿ ಗಮನವನ್ನು ಕಲಿಸಿತು ಅನ್ನುವಾಗ ಆ ಗಮನದ ಆಚೆ ಉಳಿದವರು ಯಾರು ಅಂತಲೂ ಕೇಳಬೇಕಾಗುತ್ತೆ.

ಎರಡನೆಯದು ಸತ್ಯ. ಫಿಲ್ಮು ಸುಳ್ಳು ಹೇಳಲ್ಲ ಅನ್ನೋ ನಂಬಿಕೆ. 1980ರಲ್ಲಿ ಬಂದ ‘ಕ್ಯಾಮೆರಾ ಲುಸಿಡಾ’ದಲ್ಲಿ ರೋಲಾಂ ಬಾರ್ತ್, ಚಿತ್ರದಲ್ಲಿ ಕಾಣುವುದು ಒಮ್ಮೆ ಕ್ಯಾಮೆರಾದ ಎದುರು ಖಂಡಿತ ಇತ್ತು ಎಂಬ ಅರಿವೇ ಛಾಯಾಚಿತ್ರದ ಸಾರ ಅನ್ನುತ್ತಾನೆ. ಈ ಮಾತಿಗೆ ರಸಾಯನದ ಆಧಾರವೂ ಇದೆ: ಅಜ್ಜಿಯ ಮುಖದಿಂದ ಹೊರಟ ಬೆಳಕೇ ಫಿಲ್ಮಿನ ಬೆಳ್ಳಿಯ ಲವಣವನ್ನು ಮುಟ್ಟಿರುತ್ತೆ. ಆದರೆ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ, ಸುಕ್ಕು ಅಳಿಸ್ತಿದ್ದರು. ಕಪ್ಪು-ಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ತುಂಬ್ತಿದ್ದರು. ಕಲರ್ ಫಿಲ್ಮಿನ ಕತೆ ಇನ್ನೂ ಕಠಿಣ. ಪ್ರಿಂಟಿನ ಬಣ್ಣ ಸರಿಯಾಗಿದೆಯೇ ಅಂತ ನೋಡಲು ಲ್ಯಾಬುಗಳಿಗೆ ಕೊಡ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಕಪ್ಪು ಮೈಬಣ್ಣ ಆ ಅಳತೆಗೆ ಒಗ್ಗಬೇಕಿತ್ತು. ಫಿಲ್ಮಿಗೂ ಪಕ್ಷಪಾತ ಇತ್ತು.

ಮೂರನೆಯದು ಅನನ್ಯತೆ. ಇಲ್ಲಿ ಒಂದು ತಮಾಷೆ ಇದೆ. ವಾಲ್ಟರ್ ಬೆಂಜಮಿನ್ 1930ರ ದಶಕದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಒಂದು ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ಹಾಕಬಹುದಾದ್ದರಿಂದ ‘ಅಸಲಿ’ ಪ್ರಿಂಟ್ ಯಾವುದು ಅಂತ ಕೇಳುವುದೇ ಅರ್ಥಹೀನ ಅಂದಿದ್ದ. ಕಲಾಕೃತಿಯ ಪ್ರಭೆಯನ್ನು ಅಳಿಸಿದ ಯಂತ್ರಗಳಲ್ಲಿ ಕ್ಯಾಮೆರಾವೂ ಒಂದು. ಇವತ್ತು ಅದೇ ನೆಗೆಟಿವ್ ಅಸಲಿ ಅನ್ನಿಸಿಕೊಳ್ತಿದೆ, ಪ್ರಭೆ ವಾಪಸ್ ಬಂದು ಅದರ ಮೇಲೇ ಕೂತಿದೆ! ಅಂದರೆ ಪ್ರಭೆ ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಅದರ ನಂತರ ಏನು ಬಂತು ಅನ್ನೋದರ ಮೇಲೆ ನಿಂತಿರುತ್ತೆ. ನಾಳೆ ಫೋನಿನ ಚಿತ್ರಕ್ಕೂ ಪ್ರಭೆ ಬರಬಹುದು. ಹಾಗಾಗಿ ಫಿಲ್ಮಿನ ಆಕರ್ಷಣೆಗೆ ಇದೂ ಪೂರ್ಣ ಉತ್ತರ ಅಲ್ಲ.

3. ‘-ಇಸು’ ಎಂಬ ಪ್ರತ್ಯಯ

ಹಾಗಾದರೆ ಉತ್ತರ ಎಲ್ಲಿದೆ? ನನಗೆ ಅದರ ಸುಳಿವು ಸಿಕ್ಕಿದ್ದು ವ್ಯಾಕರಣದಲ್ಲಿ.

ಫಿಲ್ಮಿನ ಕಾಲದ ನಮ್ಮ ಕ್ರಿಯಾಪದಗಳನ್ನು ನೋಡಿ. ಫೋಟೋ ತೆಗೆಸಿಕೊಳ್ಳುವುದು. ರೀಲು ಹಾಕಿಸುವುದು. ತೊಳೆಸುವುದು. ಪ್ರಿಂಟ್ ಹಾಕಿಸುವುದು. ಕಟ್ಟು ಹಾಕಿಸುವುದು. ಎಲ್ಲವೂ ಪ್ರೇರಣಾರ್ಥಕ. ‘ತೊಳೆ’ ಅನ್ನೋದು ಒಬ್ಬರ ಕೆಲಸ. ‘ತೊಳೆಸು’ ಅನ್ನುವಾಗ ಇನ್ನೊಬ್ಬರ ಕೈ ಬಂತು. ಈಗ ಫೋನಿನ ಕ್ರಿಯಾಪದಗಳನ್ನು ಕೇಳಿ: ತೆಗೆ, ನೋಡು, ಅಳಿಸು, ಕಳಿಸು, ಹಾಕು. ಇಲ್ಲೂ ‘ಅಳಿಸು, ಕಳಿಸು’ ಇವೆಯಲ್ಲ ಅಂತ ಯಾರಾದರೂ ಕೇಳಬಹುದು, ಆದರೆ ಆ ‘-ಇಸು’ವಿನ ಹಿಂದೆ ಬೇರೆ ಮನುಷ್ಯರಿಲ್ಲ. ಎಲ್ಲವನ್ನೂ ನನ್ನ ಒಂದೇ ಬೆರಳು ಮುಗಿಸುತ್ತೆ.

ತೊಳೆಸುವುದು ಅನ್ನೋ ಮಾತು ಅಕ್ಷರಶಃ ಸರಿ ಕೂಡ. ಬಟನ್ ಒತ್ತಿದಾಗ ಫಿಲ್ಮಿನ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ಬೆಳಕು ಬಿದ್ದ ಹರಳುಗಳಲ್ಲಿ ಕೆಲವೇ ಬೆಳ್ಳಿ ಪರಮಾಣುಗಳು ಗುಂಪುಗೂಡಿರುತ್ತವೆ, ಅಷ್ಟೇ. ಡೆವಲಪರ್ ದ್ರಾವಣ ಅಂಥ ಹರಳುಗಳನ್ನು ಮಾತ್ರ ಕಪ್ಪು ಬೆಳ್ಳಿಯಾಗಿ ಮಾಡುತ್ತೆ, ಹೈಪೋ ಉಳಿದದ್ದನ್ನು ಕರಗಿಸಿ ತೆಗೆಯುತ್ತೆ, ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೀಬೇಕು. ಬಟನ್ ಒತ್ತಿದ ಗಳಿಗೆಗೂ ನೋಡುವ ಗಳಿಗೆಗೂ ಮಧ್ಯೆ ಒಂದು ಅಂತರ ಇದೆ. ಆ ಅಂತರದಲ್ಲಿ ನನ್ನ ಚಿತ್ರ ಬೇರೆಯವರ ಕೈಯಲ್ಲಿರುತ್ತೆ. ಕಾಯೋದಷ್ಟೇ ಅಲ್ಲ, ನಂಬಬೇಕು.

ಈಗ ಮರುದಿನ ಬೆಳಗ್ಗೆವರೆಗೂ ಚಿತ್ರ ತೋರಿಸದ ಆ್ಯಪ್‌ಗಳು ಬಂದಿವೆ. ಅವು ಕಾಯಿಸುತ್ತವೆ. ಆದರೆ ಆ ಹೊತ್ತಿನಲ್ಲಿ ಯಾರೂ ಏನೂ ಮಾಡ್ತಿರಲ್ಲ. ಅದಕ್ಕೇ ಅದು ಆಟ ಅನ್ನಿಸುತ್ತೆ. ಮಾಡುವ ಕೈಗಳಿರುವ ಅಂತರವೇ ಫಿಲ್ಮಿನ ಆಕರ್ಷಣೆ ಅಂತ ನಾನು ಹೇಳ್ತಿದ್ದೀನಿ. ಹೊಸ ಫಿಲ್ಮ್ ಪ್ರೇಮಿಗಳು ‘ಇದು ಪೂರ್ತಿ ನನ್ನ ಕೈಯ ಕೆಲಸ’ ಅನ್ನುವಾಗ ಮರೆಯೋದು ಇದನ್ನೇ.

4. ಇಂದು ನಗರ

ಆ ಕೈಗಳಲ್ಲಿ ಕೆಲವು ನಮ್ಮ ಬೆಟ್ಟದವು. ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ, 1967ರಲ್ಲಿ ಊಟಿಯ ಹತ್ತಿರ ಉತ್ಪಾದನೆ ಶುರು ಮಾಡಿತು. ಫಿಲ್ಮಿಗೆ ಬೇಕಾದದ್ದು ಧೂಳಿಲ್ಲದ ತಂಪು ಗಾಳಿ, ಶುದ್ಧ ನೀರು. ಕಪ್ಪು-ಬಿಳುಪು ರೋಲು, ಸಿನಿಮಾ ಫಿಲ್ಮು, ಪ್ರಿಂಟ್ ಕಾಗದ, ಆಸ್ಪತ್ರೆಗಳಿಗೆ ಎಕ್ಸ್‌-ರೇ ಫಿಲ್ಮು ಇಲ್ಲಿಂದ ಹೋಗ್ತಿತ್ತು. ಬ್ರ್ಯಾಂಡಿನ ಹೆಸರು ‘ಇಂದು’. ಕಾರ್ಖಾನೆಯ ಸುತ್ತಲಿನ ಜಾಗಕ್ಕೆ ಇವತ್ತಿಗೂ ಇಂದು ನಗರ ಅಂತಾರೆ. ಕನ್ನಡದಲ್ಲಿ ಈ ಪದಕ್ಕೆ ಚಂದ್ರ ಅಂತಲೂ ಅರ್ಥ, ಈ ದಿನ ಅಂತಲೂ ಅರ್ಥ. 1996ರಲ್ಲಿ ಅದನ್ನು ರೋಗಗ್ರಸ್ತ ಉದ್ಯಮ ಅಂತ ಘೋಷಿಸಿದರು. ಕಳೆದ ದಶಕದಲ್ಲಿ ಕಾರ್ಖಾನೆ ಮುಚ್ಚಿಯೇ ಹೋಯಿತು.

ನನ್ನ ಸೋದರಮಾವ ಅಲ್ಲಿ ಕೆಲಸದಲ್ಲಿದ್ದರು. ಫಿಲ್ಮಿಗೆ ಬೆಳ್ಳಿಯ ಲೇಪ ಹಾಕುವುದು ಕತ್ತಲೆಯಲ್ಲಿ. ಗೋಡೆ ಸವರಿಕೊಂಡು ಹೆಜ್ಜೆ ಎಣಿಸಿಕೊಂಡು ನಡೀತಿದ್ವಿ, ಎದುರಿಗೆ ಬರೋರಿಗೆ ಡಿಕ್ಕಿ ಹೊಡೀಬಾರದು ಅಂತ ಸಣ್ಣಗೆ ಶಿಳ್ಳೆ ಹಾಕ್ತಿದ್ವಿ, ಅಂತ ಹೇಳ್ತಿದ್ದರು. ಜಗತ್ತಿನ ಬೆಳಕನ್ನು ಹಿಡಿಯೋ ವಸ್ತು ತಯಾರಾಗುತ್ತಿದ್ದದ್ದು ಹೀಗೆ. ಫಿಲ್ಮಿನ ಸೌಂದರ್ಯದ ಬಗ್ಗೆ ನಾನು ಓದಿದ ಬರಹಗಳಲ್ಲಿ ಗ್ರೇನ್ ಬಗ್ಗೆ ಪುಟಗಟ್ಟಲೆ ಇದೆ, ಈ ಶಿಳ್ಳೆ ಇಲ್ಲ.

5. ಕೆಂಪು ಕಿಂಡಿಯಲ್ಲಿ 8

ಕೊನೆಗೆ ಆ ರೋಲಿನ ಕತೆ. ಮಾವನ ಕ್ಯಾಮೆರಾ ಆಗ್ಫಾ ಕ್ಲಿಕ್ 3. ನಮ್ಮ ದೇಶದಲ್ಲೇ ತಯಾರಾಗ್ತಿದ್ದ, ಅನೇಕ ಮನೆಗಳಲ್ಲಿದ್ದ ಡಬ್ಬಿ ಕ್ಯಾಮೆರಾ. 120 ರೋಲು, ಹನ್ನೆರಡು ಚಿತ್ರ. ಬೆನ್ನಿಗೆ ಒಂದು ಕೆಂಪು ಕಿಂಡಿ, ಅದರಲ್ಲಿ ಚಿತ್ರದ ಸಂಖ್ಯೆ ಕಾಣುತ್ತೆ. ಮಾವ ತೀರಿಕೊಂಡು ವರ್ಷಗಳಾದ ಮೇಲೆ ಟ್ರಂಕಿನಲ್ಲಿ ಅದು ಸಿಕ್ಕಾಗ ಕಿಂಡಿಯಲ್ಲಿ 8 ಅಂತ ಇತ್ತು. ಏಳು ತೆಗೆದಾಗಿದೆ, ಐದು ಉಳಿದಿದೆ.

ಗೆಳತಿ ಒಬ್ಬಳು, ಉಳಿದ ಐದನ್ನು ನೀನು ತೆಗಿ, ಮಾವ-ಸೊಸೆ ಸೇರಿ ತೆಗೆದ ರೋಲು ಅಂತ ಚೆನ್ನಾಗಿರುತ್ತೆ ಅಂದಳು. ಚೆನ್ನಾಗೇ ಇರ್ತಿತ್ತು. ನನಗೆ ಮನಸ್ಸು ಬರಲಿಲ್ಲ. ಹಾಗೇ ತೊಳೆಸಿದೆ. ಏಳರಲ್ಲಿ ನಾಲ್ಕು ಪೂರ್ತಿ ಮಂಜು. ಅಷ್ಟು ಹಳೇ ಫಿಲ್ಮಿನಲ್ಲಿ ಮೂಡದೆ ಉಳಿದ ಬಿಂಬ ಮಾಸುತ್ತೆ. ಮೂರು ಬಂದವು. ಒಂದರಲ್ಲಿ ಹೆತ್ತೆ ಹಬ್ಬದ ದಿನ, ಬಿಳಿ ಬಟ್ಟೆ ಉಟ್ಟ ಆರು ಹೆಂಗಸರು.

(ಪರದೆಯ ಮೇಲೆ ಈಗ ಕಾಣ್ತಿರೋದು ಅದೇ.)

ಅಜ್ಜಿಗೆ ತೋರಿಸಿದೆ. ಮುಖಗಳು ಅಷ್ಟಾಗಿ ಕಾಣಲ್ಲ. ಅಜ್ಜಿ ನಿಂತ ರೀತಿ ನೋಡಿ, ಬಟ್ಟೆ ಕಟ್ಟಿದ ರೀತಿ ನೋಡಿ ಐದು ಜನರ ಹೆಸರು ಹೇಳಿದರು. ಆರನೆಯವರು ಗೊತ್ತಾಗಲಿಲ್ಲ. ಆಮೇಲೆ ನಾನು ಉಳಿದ ಐದು ಖಾಲಿ ಚೌಕಗಳ ಬಗ್ಗೆ ಕೇಳಿದೆ. ಅವರು ಬಡಗದಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ: “ನಿಮ್ಮಮ್ಮನ ಮದುವೆಗೆ ಅಂತ ಇಟ್ಟಿದ್ದ. ಮದುವೆಗೆ ಸ್ಟುಡಿಯೋದವರು ಬಂದರು. ಇವನು ಕ್ಯಾಮೆರಾ ಹೊರಗೇ ತೆಗೀಲಿಲ್ಲ.”

ನಾನು ಆ ಐದು ಚೌಕಗಳನ್ನೂ ಚಿತ್ರಗಳ ಲೆಕ್ಕಕ್ಕೇ ಸೇರಿಸಿದ್ದೀನಿ.

ಇಲ್ಲಿ ಗಡಿನಾಡಿನ ಮಾತು ಬರುತ್ತೆ. 19ನೆಯ ಶತಮಾನದಲ್ಲಿ ಊಟಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಎ.ಟಿ.ಡಬ್ಲ್ಯು. ಪೆನ್ ಮುಂತಾದವರು ಗಾಜಿನ ಫಲಕಗಳಲ್ಲಿ ನೀಲಗಿರಿಯ ಜನರ ಚಿತ್ರ ತೆಗೆದರು. ಅಂಥ ಚಿತ್ರಗಳ ಕೆಳಗೆ ಹೆಚ್ಚಾಗಿ ಕುಲದ ಹೆಸರು ಇರುತ್ತೆ, ಮನುಷ್ಯರ ಹೆಸರು ಅಪರೂಪ. ಮಾವನಂಥವರ ಕೈಗೆ ಕ್ಯಾಮೆರಾ ಬಂದಾಗ ಹೆಸರುಗಳನ್ನು ಬರೆಯುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತಲ್ಲ. ನಮ್ಮ ಮಾತಿಗೆ ರೂಢಿಯಾದ ಸ್ವಂತ ಲಿಪಿ ಇಲ್ಲ. ನಮ್ಮ ಆಲ್ಬಮ್ಮಿನ ಚಿತ್ರಗಳ ಹಿಂಬದಿಯಲ್ಲಿ ತಾರೀಕು ಇಂಗ್ಲಿಷಿನಲ್ಲಿದೆ, ಒಂದೆರಡು ಹೆಸರು ತಮಿಳಿನಲ್ಲಿದೆ, ಉಳಿದದ್ದು ಅಜ್ಜಿಯ ಬಾಯಲ್ಲಿ ಬಡಗದಲ್ಲಿದೆ. ನೆಗೆಟಿವ್ ಮುಖವನ್ನು ಉಳಿಸುತ್ತೆ, ಹೆಸರನ್ನು ಉಳಿಸಲ್ಲ. ಎರಡು ಪೀಳಿಗೆ ಕಳೆದರೆ ನಮ್ಮ ಸ್ವಂತ ಚಿತ್ರಗಳೂ ಪೆನ್‌ನ ಚಿತ್ರಗಳ ಹಾಗೇ ಆಗುತ್ತವೆ: ‘ಬಡಗ ಹೆಂಗಸರು, ಆರು ಜನ’.

ಊಟಿ, ಕೂನೂರು, ಕೋತಗಿರಿ ಕಡೆ ಹಳೇ ಸ್ಟುಡಿಯೋ ಮುಚ್ಚಿದಾಗ ನೆಗೆಟಿವ್ ಡಬ್ಬಿಗಳು ಗುಜರಿಗೆ ಹೋಗ್ತವೆ. ಕಾಸರಗೋಡಿನ, ಸೊಲ್ಲಾಪುರದ ಗೆಳೆಯರೂ ಇದನ್ನೇ ಹೇಳ್ತಾರೆ. ಹೊಸ ರೋಲು ಕೊಳ್ಳುವ ನಮ್ಮ ಪ್ರೀತಿ ನಿಜವಾದರೆ ತೊಳೆಸದೆ ಉಳಿದ ಹಳೇ ರೋಲುಗಳ ಕಡೆಗೂ ಅದು ತಿರುಗಬೇಕು. ತೊಳೆಸಿದ ಮೇಲೆ ಹೆಸರು ಹೇಳಬಲ್ಲವರ ಪಕ್ಕ ಹೋಗಿ ಕೂರಬೇಕು. ಅದೂ ಒಂದು ‘-ಇಸು’ವೇ: ಹೇಳಿಸುವುದು, ಬರೆಸುವುದು.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಹಾಗಾದರೆ ಸ್ಕ್ಯಾನ್ ಮಾಡಿ ಎಲ್ಲವನ್ನೂ ಡಿಜಿಟಲ್ ಮಾಡಿದರೆ ಸಾಕಲ್ಲ? ಫಿಲ್ಮನ್ನೇ ಯಾಕೆ ಇಟ್ಟುಕೊಳ್ಳಬೇಕು?

ಉತ್ತರ: ಸ್ಕ್ಯಾನ್ ಮಾಡಲೇಬೇಕು ಸರ್, ಅಜ್ಜಿಗೆ ತೋರಿಸಿದ್ದೂ ಫೋನಿನಲ್ಲೇ, ಹಿಗ್ಗಿಸಿ ಹಿಗ್ಗಿಸಿ. ಆದರೆ ಸ್ಕ್ಯಾನ್ ಮಾಡಿದ ಲ್ಯಾಬಿನವರು ನನಗೆ ಮೂರೇ ಚಿತ್ರ ಕಳಿಸಿದರು. ಉಳಿದವು ಖಾಲಿ, ಏನೂ ಇಲ್ಲ ಅಂದರು. ಅವರ ಲೆಕ್ಕದಲ್ಲಿ ಅದು ಸರಿ. ಐದು ಚಿತ್ರ ಮದುವೆಗೆ ಅಂತ ಉಳಿದಿತ್ತು ಅನ್ನೋದು ಗೊತ್ತಾದದ್ದು ಕೈಯಲ್ಲಿ ಪೂರ್ತಿ ಪಟ್ಟಿ ಇದ್ದದ್ದರಿಂದ. ಅದಕ್ಕೇ ಎರಡನ್ನೂ ಇಟ್ಟುಕೊಂಡಿದ್ದೀನಿ. ಆರನೆಯ ಹೆಂಗಸಿನ ಹೆಸರು ಇನ್ನೂ ಸಿಕ್ಕಿಲ್ಲ, ಪಕ್ಕದ ಹಟ್ಟಿಯಲ್ಲಿ ಕೇಳ್ತಿದ್ದೀವಿ.